ಕಿವಿಯೊಳಗೆ ಅಡಗಿ ಕೂತ ಹಳೆಯ ದವಡೆ

ಎರಡು ತೋರುಬೆರಳುಗಳನ್ನೂ ಕಿವಿಗಳ ಮುಂದೆಯೇ ಒತ್ತಿಡಿ. ಈಗ ಮೆಲ್ಲಗೆ ಬಾಯಿ ತೆರೆಯಿರಿ, ಪೂರ್ತಿ. ಬೆರಳಡಿಯಲ್ಲಿ ಗುಂಡಗಿನದೊಂದು ಮೊದಲು ತಿರುಗಿತು, ಆಮೇಲೆ ಮುಂದಕ್ಕೆ ಜಾರಿಯೇ ಹೋಯಿತು! ಮೊಣಕೈ ಹೀಗೆ ಗುಳಿ ಬಿಟ್ಟು ಜಾರಿದರೆ ಕೀಲು ತಪ್ಪಿತೆಂದು ಕೂಗಿಕೊಳ್ಳುತ್ತೇವೆ. ದವಡೆಗೆ ಅದು ದಿನನಿತ್ಯದ ಕೆಲಸ. ಪ್ರತಿ ಆಕಳಿಕೆಗೂ ಗುಳಿಯಿಂದ ಹೊರಬಂದು ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಎಲುಬು ಎಲುಬಿಗೆ ಉಜ್ಜದಂತೆ ನಡುವೆ ತೆಳುವಾದ ಡಿಸ್ಕ್ ಒಂದು ಜೊತೆಜೊತೆಗೇ ಸರಿಯುತ್ತದೆ. ಕೆಳದವಡೆ ಒಂದೇ ಎಲುಬಾದ್ದರಿಂದ ಬಲಗೀಲು ಕದಲಿದರೆ ಎಡಗೀಲು ಸುಮ್ಮನಿರಲಾಗದು.

ಇಷ್ಟಕ್ಕೇ ಬೆರಗಾದರೆ ಹೇಗೆ? ಮುಂದೆ ಕೇಳಿ.

1837ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಕಾರ್ಲ್ ರೈಖರ್ಟ್ ಹಂದಿಯ ಭ್ರೂಣಗಳನ್ನು ಪರೀಕ್ಷಿಸುತ್ತಾ ನಂಬಲಾಗದ ಸಂಗತಿಯೊಂದನ್ನು ಕಂಡ. ಸರೀಸೃಪಗಳಲ್ಲಿ ದವಡೆಯ ಕೀಲಾಗಿರುವ ಎರಡು ಎಲುಬುಗಳೇ ನಮ್ಮಂಥ ಸಸ್ತನಿಗಳಲ್ಲಿ ಕಿವಿಯೊಳಗಿನ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳಾಗಿವೆ! ಹಲ್ಲಿ ಯಾವುದರಿಂದ ಕಚ್ಚುತ್ತದೆಯೋ ಅದರಿಂದ ನಾವು ಕೇಳುತ್ತೇವೆ. ಹಾಗಾದರೆ ನಮ್ಮ ಬೆರಳಡಿಯಲ್ಲಿ ಜಾರಿದ್ದು ಯಾವುದು? ಅದು ಸಸ್ತನಿಗಳು ಹೊಸದಾಗಿ ಕಟ್ಟಿಕೊಂಡ ಕೀಲು. ಸುಮಾರು 20 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಮಾರ್ಗನುಕೋಡಾನ್ ಎಂಬ ಪುಟ್ಟ ಜೀವಿಯ ಪಳೆಯುಳಿಕೆಯಲ್ಲಿ ಹಳೆಯ ಕೀಲೂ ಇದೆ, ಹೊಸ ಕೀಲೂ ಇದೆ, ಅಕ್ಕಪಕ್ಕದಲ್ಲೇ!

ಕಿವಿ-ದವಡೆಗಳ ಆ ನಂಟು ಇನ್ನೂ ಹರಿದಿಲ್ಲ. ಅಗಿಯುವ ಸ್ನಾಯುಗಳನ್ನು ನಡೆಸುವ ನರವೇ ಸುತ್ತಿಗೆ ಮೂಳೆಯನ್ನು ಎಳೆಯುವ ಕಿರುಸ್ನಾಯುವನ್ನೂ ನಡೆಸುತ್ತದೆ. ಅದರದೇ ಇನ್ನೊಂದು ಕವಲು ದವಡೆಯ ಕೀಲಿನ ನೋವನ್ನೂ ಕಿವಿಯ ಒಂದಷ್ಟು ಭಾಗದ ನೋವನ್ನೂ ಮೆದುಳಿಗೆ ಒಯ್ಯುತ್ತದೆ. ಹೀಗಾಗಿ ದವಡೆ ನೊಂದರೂ ಕಿವಿ ನೊಂದಂತೆ ಅನಿಸಬಹುದು. ಕಿವಿ ನೋವೆಂದು ಹೋದವರನ್ನು ಪರೀಕ್ಷಿಸಿ, ಕಿವಿ ಚೆನ್ನಾಗಿದೆ, ದಂತವೈದ್ಯರನ್ನು ಕಾಣಿ ಎಂದು ಇಎನ್‌ಟಿ ಡಾಕ್ಟರು ಕಳಿಸುವುದುಂಟಲ್ಲ, ಅದರ ಗುಟ್ಟು ಇದೇ. 1934ರಲ್ಲಿ ಈ ಕಿವಿ-ದವಡೆ ನಂಟಿನತ್ತ ವೈದ್ಯಲೋಕದ ಗಮನ ಸೆಳೆದ ಅಮೆರಿಕದ ಜೇಮ್ಸ್ ಕಾಸ್ಟೆನ್ ಕೂಡ ಕಿವಿ-ಮೂಗು-ಗಂಟಲಿನ ವೈದ್ಯರೇ.

ಕೆಡುವುದು ಎಲ್ಲಿ? ಹಲವರಲ್ಲಿ ಕೀಲಿಗಿಂತ ಸ್ನಾಯುಗಳಲ್ಲಿ. ನಿದ್ದೆಯಲ್ಲಿ ಹಲ್ಲು ಮಸೆಯುವುದು, ಚಿಂತೆಯಲ್ಲಿ ಹಲ್ಲು ಕಚ್ಚಿಕೊಂಡಿರುವುದು ಕೆನ್ನೆ, ಕಣತಲೆಗಳನ್ನು ದಣಿಸುತ್ತವೆ. ಕೆಲವರಲ್ಲಿ ಡಿಸ್ಕ್ ಮುಂದಕ್ಕೆ ಜಾರಿರುತ್ತದೆ. ಬಾಯಿ ತೆರೆದಾಗ ತನ್ನ ಜಾಗಕ್ಕೆ ಮರಳುತ್ತಾ ‘ಕಟಕ್’ ಎನ್ನುತ್ತದೆ. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಆದರೆ ಡಿಸ್ಕ್ ಮರಳದೆ ಅಡ್ಡ ನಿಂತರೆ ಬಾಯಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಸಂಧಿವಾತವೂ ಈ ಕೀಲನ್ನು ಬಿಡುವುದಿಲ್ಲ.

ಇಷ್ಟು ಜಟಿಲವಾದ ಕೀಲಿಗೆ ಮದ್ದು ಎಷ್ಟು ಸರಳ ನೋಡಿ! ಕೆಲವು ದಿನ ಚಕ್ಕುಲಿ, ಕೋಡುಬಳೆ, ಚೂಯಿಂಗ್ ಗಮ್‌ಗೆ ರಜೆ. ಮೆತ್ತನೆಯ ಅನ್ನ, ಗಂಜಿ, ಸಣ್ಣ ತುತ್ತು. ಅಗಿಯದೆ ಮುದ್ದೆ ನುಂಗಿ ಬೆಳೆದವರಿಗೆ ಇದೇನು ಶಿಕ್ಷೆಯಲ್ಲ. ಬಿಸಿ ಶಾಖ, ವೈದ್ಯರು ಹೇಳಿದಷ್ಟೇ ನೋವಿನ ಮಾತ್ರೆ, ದವಡೆಯ ವ್ಯಾಯಾಮ. ಹಲ್ಲು ಮಸೆಯುವವರಿಗೆ ರಾತ್ರಿ ಹಲ್ಲಿಗೆ ತೊಡುವ ಸ್ಪ್ಲಿಂಟ್ ಕೊಡುವುದೂ ಇದೆ. ತಿಂಗಳುಗಟ್ಟಲೆ ಬಿಡದ ನೋವಿಗೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಮುಂದಿಟ್ಟದ್ದೂ ಚಾಕುವನ್ನಲ್ಲ! ತಜ್ಞರ ನಿಗಾದಲ್ಲಿ ವ್ಯಾಯಾಮ, ಕೈಯಿಂದ ಕೀಲು ಸಡಿಲಿಸುವುದು, ನೋವಿನ ಜೊತೆ ಬಾಳುವ ಮನಸ್ಸನ್ನು ತಿದ್ದುವ ಆಪ್ತಸಮಾಲೋಚನೆ ಇವೇ ಅಲ್ಲಿ ಮುಂದಿನ ಸಾಲಿನಲ್ಲಿವೆ.

ಅದಕ್ಕೂ ಬಗ್ಗದಿದ್ದರೆ? ಸೂಜಿಯಿಂದ ಕೀಲನ್ನೇ ತೊಳೆಯುತ್ತಾರೆ! ದವಡೆಯ ಶಸ್ತ್ರವೈದ್ಯೆ ಡೊರಿಟ್ ನಿಟ್ಸಾನ್ ಮತ್ತು ಸಂಗಡಿಗರು 1991ರಲ್ಲಿ ವಿವರಿಸಿದ ವಿಧಾನವಿದು: ಎರಡು ಸೂಜಿ, ಒಂದರಿಂದ ದ್ರಾವಣ ಒಳಗೆ, ಇನ್ನೊಂದರಿಂದ ಹೊರಗೆ. ಜಾರಿದ ಡಿಸ್ಕ್ ಹಳೆಯ ಜಾಗಕ್ಕೆ ಬರದಿದ್ದರೂ ಎಷ್ಟೋ ಸಲ ಬಾಯಿ ತೆರೆದುಕೊಳ್ಳುತ್ತದೆ, ನೋವು ಇಳಿಯುತ್ತದೆ. ಶಸ್ತ್ರಚಿಕಿತ್ಸೆ, ಕೃತಕ ಕೀಲು ಬೇಕಾಗುವುದು ಕೆಲವೇ ಜನರಿಗೆ.

ಕೀಲು ಪೂರಾ ತಪ್ಪಿ ಬಾಯಿ ಮುಚ್ಚಲಾಗದಿದ್ದರೆ ಮಾತ್ರ ಕೈಚಳಕವೇ ಬೇಕು. ಪ್ರಾಚೀನ ಈಜಿಪ್ಟಿನ ವೈದ್ಯಗ್ರಂಥ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ ಹೆಬ್ಬೆರಳನ್ನು ಬಾಯೊಳಗಿಟ್ಟು ದವಡೆ ಕೂರಿಸುವ ಕ್ರಮವಿದೆ. ಸುಶ್ರುತ ಸಂಹಿತೆ ಶಾಖ ಕೊಟ್ಟು, ಕೂರಿಸಿ, ಪಟ್ಟಿ ಕಟ್ಟಲು ಹೇಳುತ್ತದೆ. ಇಂದಿನ ಆಸ್ಪತ್ರೆಗಳಲ್ಲೂ ಹೆಬ್ಬೆರಳಿನ ಆ ಪಟ್ಟು ಬದಲಾಗಿಲ್ಲ!

ಎಚ್ಚರಿಕೆ ಒಂದೇ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೊಂದು, ಎದೆ ಬಿಗಿದು ಬೆವರು ಬಂದರೆ ಅದು ಹೃದಯದ ಕರೆ. ತಕ್ಷಣ ಆಸ್ಪತ್ರೆಗೆ ಓಡಿ. ಉಳಿದಂತೆ ದಂತವೈದ್ಯರು ಹೇಳುವ ಸೂತ್ರ ನೆನಪಿರಲಿ: ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ. ಊಟ, ಉಗುಳು ನುಂಗುವ ಹೊತ್ತು ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬೇಕಾದ್ದೇ ಇಲ್ಲ. ಕಾಸು ಖರ್ಚಿಲ್ಲದ ಈ ಚಿಕಿತ್ಸೆಯನ್ನು ಈ ಪುಟ ಮಗುಚುವ ಮುನ್ನವೇ ಶುರು ಮಾಡಬಹುದು.