ಮಣ್ಣಿನ ಹದವೂ ಮಾಪಕದ ಮುಳ್ಳೂ

ಹಿತ್ತಿಲಲ್ಲಿ ನಾಲ್ಕು ಗಿಡಗಳನ್ನು ಬೆಳೆಸುವ ಗೃಹಸ್ಥನಿಗೆ ಎರಡು ಪ್ರಶ್ನೆಗಳು ಮೇಲಿಂದ ಮೇಲೆ ಎದುರಾಗುವುವು. ಇಂದು ನೀರೆರೆಯಬೇಕೆ, ಬೇಡವೆ ಎಂಬುದು ಮೊದಲನೆಯದು. ನೀರೂ ಗೊಬ್ಬರವೂ ಸಂದಿರುವಾಗ ಗಿಡವೇಕೆ ಬಿಳಿಚಿಕೊಳ್ಳುತ್ತಿದೆ ಎಂಬುದು ಎರಡನೆಯದು. ಹಳ್ಳಿಯ ಒಕ್ಕಲಿಗನು ಒಂದು ಹಿಡಿ ಮಣ್ಣನ್ನು ಅದುಮಿ ನೋಡಿ ಇವಕ್ಕೆ ಉತ್ತರ ಹೇಳಬಲ್ಲನು. ತಾರಸಿಯ ಮೇಲೆ ಕುಂಡಗಳನ್ನಿಟ್ಟುಕೊಂಡು ತೋಟದ ಆಸೆಯನ್ನು ತೀರಿಸಿಕೊಳ್ಳುವ ಪಟ್ಟಣದ ನಮ್ಮಂಥವರಿಗೆ ಆ ಅಭ್ಯಾಸ ಸಾಲದು. ಆದುದರಿಂದಲೇ ‘ಸಾಯಿಲ್ ಮೀಟರ್’ ಎಂಬ ಸಣ್ಣ ಉಪಕರಣವು ಈಚೆಗೆ ಅನೇಕ ಮನೆಗಳನ್ನು ಸೇರಿದೆ. ಮಣ್ಣಿಗೆ ಚುಚ್ಚಿದೊಡನೆ ತೇವವೆಷ್ಟು, ಹುಳಿಯೆಷ್ಟು ಎಂಬುದನ್ನು ಅದರ ಮುಳ್ಳು ತೋರಿಸುವುದೆಂದು ಮಾರುವವರು ಹೇಳುವರು. ಆ ಮಾತನ್ನು ಎಲ್ಲಿಯವರೆಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರದಲ್ಲಿ ನಾನು ಪಾಠ ಕಲಿತುದು ಒಂದು ಕರಿಬೇವಿನ ಗಿಡದಿಂದ. ಊರಿನ ಮನೆಯನ್ನು ಮಾರಿ ಬರುವಾಗ ನಮ್ಮ ತಾಯಿಯವರು ಬಾವಿಯ ಬಳಿಯಿದ್ದ ಹಳೆಯ ಕರಿಬೇವಿನ ಬುಡದ ಮರಿಯೊಂದನ್ನು ಕಿತ್ತು ತಂದಿದ್ದರು. ಊರಿನದೆಂದು ನಮಗೆ ಉಳಿದುದು ಅದೊಂದೇ. ಮೂರು ವರ್ಷ ಕುಂಡದಲ್ಲಿ ಚೆನ್ನಾಗಿ ಬೆಳೆದ ಗಿಡದ ಎಳೆಯ ಎಲೆಗಳು ಒಂದು ಬೇಸಗೆಯಲ್ಲಿ ಹಳದಿಗಟ್ಟತೊಡಗಿದುವು. ನರಗಳು ಮಾತ್ರ ಹಸುರಾಗಿಯೇ ಉಳಿದಿದ್ದುವು. ಮೇಲೆ ತೆಂಗಿನ ನಾರಿನ ಪುಡಿಯನ್ನು ಧಾರಾಳವಾಗಿ ತುಂಬಿ, ಹೊಸದಾಗಿ ಕೊಂಡ ಮಾಪಕವನ್ನು ಚುಚ್ಚಿ ನೋಡಿದೆನು. ಮುಳ್ಳು ‘ಒಣಗಿದೆ’ ಎಂಬಲ್ಲಿಂದ ಕದಲಲಿಲ್ಲ. ಹದಿನೈದು ದಿನ ಎರಡು ಹೊತ್ತೂ ನೀರೆರೆದೆನು. ಎಲೆಗಳು ಇನ್ನಷ್ಟು ಹಳದಿಯಾದುವು. ಆಹಾರ ಸಾಲದೇನೋ ಎಂದು ಎರಡು ಚಮಚ ರಾಸಾಯನಿಕ ಗೊಬ್ಬರವನ್ನು ಕದಡಿ ಹಾಕಿದೆನು. ಮರುದಿನ ಚುಚ್ಚಿದರೆ ಮುಳ್ಳು ‘ಬಹಳ ತೇವ’ ಎಂಬಲ್ಲಿಗೆ ಹಾರಿತು. ಗುಂಡಿಯನ್ನು ತಿರುಗಿಸಿದರೆ ಹುಳಿಯ ಅಳತೆಯಲ್ಲಿ ಐದರ ಬಳಿ ನಿಂತಿತು. ಮಣ್ಣು ಹುಳಿಯಾಗಿದೆಯೆಂದು ಎರಡು ಚಮಚ ಸುಣ್ಣವನ್ನೂ ಬೆರೆಸಿದೆನು. ವಾರದೊಳಗೆ ಎಲೆಗಳು ಉದುರಲಾರಂಭಿಸಿದುವು.

ಆಗ ತಾಯಿಯವರು ಬಂದು ನೋಡಿ, “ಆ ಮುಳ್ಳಿನ ಮಾತು ಹಾಗಿರಲಿ, ಒಂದು ಸಲವಾದರೂ ಬೆರಳಿಟ್ಟು ನೋಡಿದೆಯೇನಪ್ಪಾ?” ಎಂದು ಕೇಳಿದರು. ನೋಡಿರಲಿಲ್ಲ. ಬೆರಳನ್ನು ಎರಡನೆಯ ಗಿಣ್ಣಿನವರೆಗೆ ಇಳಿಸಿದಾಗ ಸಡಿಲವಾದ ನಾರಿನ ಪುಡಿಯ ಕೆಳಗೆ ಕೆಸರೇ ಇತ್ತು. ಕುಂಡವನ್ನು ಬೋರಲು ಹಾಕಿದಾಗ ತಳದ ತೂತು ಮುಚ್ಚಿಹೋಗಿ, ಬೇರುಗಳು ಕಪ್ಪಾಗಿ ಕೊಳೆತ ವಾಸನೆ ಬಂದಿತು. ನೀರಿನಲ್ಲಿ ಮುಳುಗಿದ್ದ ಗಿಡಕ್ಕೆ ಬಾಯಾರಿಕೆಯೆಂದು ಭಾವಿಸಿ ನಾನು ನೀರೆರೆಯುತ್ತಲಿದ್ದೆನು.

ಮಾಪಕವು ಹೀಗೇಕೆ ಮಾಡಿತೆಂದು ತಿಳಿಯಬೇಕಾದರೆ ಅದರ ರಚನೆಯನ್ನು ಅರಿಯತಕ್ಕದ್ದು. ಸಾಧಾರಣವಾಗಿ ದೊರೆಯುವ ಅಗ್ಗದ ಮಾಪಕಕ್ಕೆ ಎರಡು ಬೇರೆ ಬೇರೆ ಲೋಹಗಳ ಸರಳುಗಳಿರುವುವು. ಒಂದು ತಾಮ್ರದ ಜಾತಿಯದಾದರೆ ಮತ್ತೊಂದು ಸತು ಅಥವಾ ಅಲ್ಯೂಮಿನಿಯಮಿನದು. ಒಳಗೆ ಬ್ಯಾಟರಿಯಿಲ್ಲ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ವಸ್ತುವನ್ನಿಟ್ಟರೆ ವಿದ್ಯುತ್ತು ಹುಟ್ಟುವುದೆಂಬುದನ್ನು ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು 1800ರಲ್ಲಿ ಲೋಕಕ್ಕೆ ತಿಳಿಸಿದನು. ಇಲ್ಲಿ ನಡೆಯುವುದೂ ಅದೇ. ಒದ್ದೆ ಮಣ್ಣು ಉಪ್ಪುನೀರಿನ ಸ್ಥಾನದಲ್ಲಿ ನಿಂತು ಅತ್ಯಲ್ಪ ವಿದ್ಯುತ್ತನ್ನು ಹರಿಯಿಸುವುದು. ಆ ವಿದ್ಯುತ್ತೇ ಮುಳ್ಳನ್ನು ಅಲುಗಿಸುವುದು. ಅಂದಮೇಲೆ ಮಾಪಕವು ನೀರನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ವಿದ್ಯುತ್ತನ್ನು. ನೀರು ಹೆಚ್ಚಿದರೆ ವಿದ್ಯುತ್ತೂ ಹೆಚ್ಚುವುದು ನಿಜ. ಆದರೆ ಮಣ್ಣಿನಲ್ಲಿ ಕರಗಿರುವ ಲವಣ ಹೆಚ್ಚಿದರೂ ಅದು ಹೆಚ್ಚುವುದು, ಸರಳಿಗೂ ಮಣ್ಣಿಗೂ ನಡುವೆ ಗಾಳಿಯ ಎಡೆಯುಂಟಾದರೆ ಕುಗ್ಗುವುದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೂರು ಲೋಟಗಳನ್ನು ತೆಗೆದುಕೊಂಡು ಒಂದರಲ್ಲಿ ಬ್ಯಾಟರಿಗೆ ಹಾಕುವ ಭಟ್ಟಿಯಿಳಿಸಿದ ನೀರು, ಇನ್ನೊಂದರಲ್ಲಿ ನಲ್ಲಿಯ ನೀರು, ಮೂರನೆಯದರಲ್ಲಿ ಚಿಟಿಕೆ ಉಪ್ಪು ಬೆರೆಸಿದ ನೀರು ತುಂಬಿ, ಸರಳುಗಳನ್ನು ಕ್ಷಣಮಾತ್ರ ಅದ್ದಿ ನೋಡಬೇಕು. ಮೊದಲನೆಯದರಲ್ಲಿ ಮುಳ್ಳು ಕದಲಿದರೂ ಸ್ವಲ್ಪವೇ; ಮೂರನೆಯದರಲ್ಲಿ ಕೊನೆಯವರೆಗೆ ಓಡುವುದು. ಮೂರು ಲೋಟಗಳಲ್ಲಿಯೂ ತುಂಬಿರುವುದು ನೀರೇ ಅಲ್ಲವೆ? ನನ್ನ ಕರಿಬೇವಿನ ಕುಂಡದಲ್ಲಿ ಆದುದೂ ಇಷ್ಟೇ. ಸಡಿಲವಾದ ನಾರಿನಲ್ಲಿ ಸರಳುಗಳಿಗೆ ಸರಿಯಾದ ಸಂಪರ್ಕವಿಲ್ಲದೆ ಮುಳ್ಳು ‘ಒಣಗಿದೆ’ ಎಂದಿತು. ಗೊಬ್ಬರದ ಲವಣ ಸೇರಿದೊಡನೆ ‘ಬಹಳ ತೇವ’ ಎಂದಿತು. ಹುಳಿಯನ್ನು ತೋರಿಸುವುದೂ ಅದೇ ಸರಳುಗಳ ಅದೇ ವಿದ್ಯುತ್ತಾದುದರಿಂದ, ಲವಣದ ಬಲದಿಂದ ಹುಟ್ಟಿದ ಚಲನೆಯನ್ನು ನಾನು ಮಣ್ಣಿನ ಹುಳಿಯೆಂದು ಓದಿಕೊಂಡೆನು.

ಇನ್ನು ಈ ಹುಳಿಯ ವಿಚಾರ. ಹುಳಿ, ಕ್ಷಾರಗಳೆಂಬ ಭೇದವು ನಮ್ಮ ಮನೆಯ ಹೆಂಗಸರಿಗೆ ಹೊಸದಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಸೇರಿಸಿದೊಡನೆ ಅದು ಕೆಂಪಾಗುವುದು. ನಿಂಬೆಯ ರಸ ಹಿಂಡಿದರೆ ಮರಳಿ ಹಳದಿಯಾಗುವುದು. ಸುಣ್ಣವು ಕ್ಷಾರ, ನಿಂಬೆಯು ಆಮ್ಲ. ಇವುಗಳ ಪ್ರಮಾಣವನ್ನು ಅಂಕಿಯಲ್ಲಿ ಹೇಳುವ ಕ್ರಮವನ್ನು ಡೆನ್ಮಾರ್ಕಿನ ಸೋರೆನ್ಸನ್ ಎಂಬ ರಸಾಯನ ಶಾಸ್ತ್ರಜ್ಞನು 1909ರಲ್ಲಿ ಏರ್ಪಡಿಸಿದನು. ಅದಕ್ಕೆ ಪಿಎಚ್ ಎಂದು ಹೆಸರು. ಕನ್ನಡದ ಕೃಷಿಗ್ರಂಥಗಳಲ್ಲಿ ರಸಸಾರವೆಂದೂ ಕರೆಯುವರು. ಏಳು ಸಮಸ್ಥಿತಿ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನಿಂಬೆಯ ರಸ ಎರಡರ ಆಸುಪಾಸು, ಸುಣ್ಣದ ತಿಳಿ ಹನ್ನೆರಡರ ಆಸುಪಾಸು. ಇಲ್ಲಿ ನೆನಪಿಡತಕ್ಕ ಅಂಶವೊಂದುಂಟು. ಒಂದು ಅಂಕ ಇಳಿದರೆ ಹುಳಿಯು ಹತ್ತು ಮಡಿ ಏರುವುದು. ಆರಕ್ಕೂ ಐದಕ್ಕೂ ಇರುವ ಅಂತರವು ನೋಟಕ್ಕೆ ಒಂದೇ ಆದರೂ ಪರಿಣಾಮದಲ್ಲಿ ಬಹು ದೊಡ್ಡದು. ಆದುದರಿಂದ ಒಂದೆರಡು ಅಂಕ ತಪ್ಪಿ ತೋರಿಸುವ ಮಾಪಕವನ್ನು ನಂಬಿ ಔಷಧ ಮಾಡಿದರೆ ರೋಗಕ್ಕಿಂತ ಔಷಧವೇ ಹೆಚ್ಚು ಕೆಡುಕನ್ನುಂಟುಮಾಡುವುದು.

ಗಿಡಕ್ಕೆ ಇದರಿಂದೇನು? ಮಣ್ಣಿನಲ್ಲಿ ಆಹಾರವಿದ್ದರೆ ಸಾಲದು. ಅದು ಬೇರಿಗೆ ದೊರಕುವ ರೂಪದಲ್ಲಿರಬೇಕು. ಕ್ಷಾರ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣ, ಸತು, ಮ್ಯಾಂಗನೀಸುಗಳು ಕರಗದೆ ಉಳಿಯುವುವು. ಎಳೆಯ ಎಲೆ ಹಳದಿಯಾಗಿ ನರ ಹಸುರಾಗಿರುವುದು ಸಾಮಾನ್ಯವಾಗಿ ಕಬ್ಬಿಣದ ಕೊರತೆಯ ಗುರುತು. ಹುಳಿ ಅತಿಯಾದ ಮಣ್ಣಿನಲ್ಲಾದರೋ ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಮುಗಳೊಡನೆ ಬಂಧಿತವಾಗಿ ಬೇರಿಗೆ ಸಿಕ್ಕದು. ಕರಗಿದ ಅಲ್ಯೂಮಿನಿಯಮು ಬೇರನ್ನೇ ಕುಗ್ಗಿಸುವುದು. ಬಹುಪಾಲು ತರಕಾರಿಗಳಿಗೆ ಆರರಿಂದ ಏಳರವರೆಗಿನ ಅಂಕ ಹಿತವಾದುದು. ನನ್ನ ಕರಿಬೇವಿಗೆ ತಗುಲಿದ್ದುದು ಕ್ಷಾರದ ದೋಷ. ನಾನು ಹಾಕಿದುದು ಸುಣ್ಣ.

ಕುಂಡದ ಮಣ್ಣು ಕ್ಷಾರವಾದುದು ಹೇಗೆಂದು ಕೆಲವರು ಕೇಳಬಹುದು. ನಮ್ಮ ನಾಡಿನ ಮಣ್ಣು ಎಲ್ಲೆಡೆಯೂ ಒಂದೇ ಸ್ವಭಾವದ್ದಲ್ಲ. ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆಯ ಮಣ್ಣು ಹೆಚ್ಚು ಮಳೆಯಿಂದ ಸುಣ್ಣದ ಅಂಶವನ್ನು ಕಳೆದುಕೊಂಡು ಹುಳಿಯಾಗಿರುವುದು. ಕೊಡಗಿನ ಕಾಫಿಯ ತೋಟಗಳಿಗೆ ಸುಣ್ಣ ಹಾಕುವ ರೂಢಿ ಇದರಿಂದಲೇ ಬಂದಿದೆ. ಧಾರವಾಡ, ಗದಗ, ವಿಜಯಪುರಗಳ ಕಡೆಯ ಎರೆಭೂಮಿಯು ಬಹುಮಟ್ಟಿಗೆ ಕ್ಷಾರದ ಕಡೆಗಿರುವುದು. ಬೆಂಗಳೂರು, ಕೋಲಾರಗಳ ಕೆಮ್ಮಣ್ಣು ಇವೆರಡರ ನಡುವಣದು. ಆದರೆ ಕುಂಡದ ಮಣ್ಣಿಗೆ ಹುಟ್ಟಿದ ಊರಿನ ಗುಣಕ್ಕಿಂತ ಕುಡಿಯುವ ನೀರಿನ ಗುಣವೇ ಪ್ರಬಲ. ಕೊಳವೆಬಾವಿಯ ಗಡಸುನೀರನ್ನು ವರ್ಷಗಟ್ಟಲೆ ಎರೆದರೆ, ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುವಂತೆ, ಕುಂಡದಲ್ಲಿಯೂ ಸುಣ್ಣದ ಅಂಶ ಶೇಖರವಾಗುವುದು. ಕರಿಬೇವಿಗೆ ಹುಳಿಮಜ್ಜಿಗೆ ಹಾಕುವ ನಮ್ಮ ಹಿರಿಯರ ಪದ್ಧತಿಗೆ ಇಲ್ಲಿ ಅರ್ಥವುಂಟು. ಆದರೆ ಅದರ ಗುಣ ಅಲ್ಪವಾದುದು. ಮಣ್ಣು ಬೇಗನೆ ತನ್ನ ಮೊದಲಿನ ಸ್ಥಿತಿಗೆ ಮರಳುವುದು.

ಹಾಗಾದರೆ ಮಾಪಕವನ್ನು ಬಿಸುಡಬೇಕೆ? ಅದೂ ಅಲ್ಲ. ತೇವದ ವಿಚಾರದಲ್ಲಿ ಅದನ್ನು ಹೋಲಿಕೆಗೆ ಬಳಸಿದರೆ ಪ್ರಯೋಜನವುಂಟು. ಮೊದಲು ಕುಂಡಕ್ಕೆ ತುಂಬ ನೀರೆರೆದು, ಹೆಚ್ಚಿನ ನೀರು ತಳದಿಂದ ಸೋರಿದ ಮೇಲೆ ಚುಚ್ಚಿ ಮುಳ್ಳು ನಿಂತ ಅಂಕವನ್ನು ಬರೆದಿಡಬೇಕು. ಅನಂತರ ದಿನವೂ ಅದೇ ಹೊತ್ತಿನಲ್ಲಿ, ಅದೇ ಆಳಕ್ಕೆ ಚುಚ್ಚುತ್ತ, ಬೆರಳಿಗೆ ಒಣಗಿದಂತೆ ತೋರುವ ದಿನದ ಅಂಕವನ್ನೂ ಬರೆದಿಡಬೇಕು. ಈ ಎರಡು ಅಂಕಗಳೇ ಆ ಕುಂಡಕ್ಕೆ ಪ್ರಮಾಣ. ಇನ್ನೊಂದು ಕುಂಡಕ್ಕೆ ಇವು ಹೊಂದುವುದಿಲ್ಲ; ಗೊಬ್ಬರ ಹಾಕಿದ ವಾರದಲ್ಲಿ ಈ ಕುಂಡಕ್ಕೂ ಹೊಂದುವುದಿಲ್ಲ. ಬೆರಳು ನಿಲುಕದ ಆಳದ ತೇವವನ್ನು ತಿಳಿಯುವುದರಲ್ಲಿಯೇ ಇದರ ಮುಖ್ಯವಾದ ಉಪಯೋಗ.

ಚುಚ್ಚುವಾಗ ಬುಡಕ್ಕೂ ಕುಂಡದ ಅಂಚಿಗೂ ನಡುವೆ, ಎರಡು ಮೂರು ಕಡೆ ನೋಡತಕ್ಕದ್ದು. ಕಲ್ಲು ತಗುಲಿದರೆ ಬಲವಂತದಿಂದ ಒತ್ತಬಾರದು. ನೋಡಿದ ಕೂಡಲೆ ಹೊರಗೆ ತೆಗೆದು ಒರಸಿಡಬೇಕು. ಮಣ್ಣಿನಲ್ಲಿಯೇ ಬಿಟ್ಟರೆ ಲೋಹ ಸವೆದು ಮುಳ್ಳು ಸುಳ್ಳಾಡುವುದು. ಸರಳು ಮಂಕಾದರೆ ನಯವಾದ ಉಜ್ಜುಕಾಗದದಿಂದ ಬೆಳಗಬೇಕು. ಇವುಗಳ ಜೊತೆಗೆ ಕುಂಡವನ್ನು ಎತ್ತಿ ಭಾರ ನೋಡುವ ಅಭ್ಯಾಸವು ಖರ್ಚಿಲ್ಲದ ಒಳ್ಳೆಯ ಪರೀಕ್ಷೆ. ನೆಲದ ಪಾತಿಯಾದರೆ ಒಂದು ಗೇಣು ಆಳದ ಮಣ್ಣನ್ನು ಹಿಡಿಯಲ್ಲಿ ಅದುಮಬೇಕು. ಉಂಡೆ ಕಟ್ಟಿ ನಿಂತರೆ ನೀರಿಗೆ ಅವಸರವಿಲ್ಲ, ಪುಡಿಯಾಗಿ ಉದುರಿದರೆ ನೀರು ಬೇಕು.

ಹುಳಿಯನ್ನು ಅಳೆಯುವುದಕ್ಕೆ ಮಾತ್ರ ಈ ಸರಳುಗಳನ್ನು ನೆಚ್ಚಬಾರದು. ನಿಜವಾದ ಪಿಎಚ್ ಮಾಪಕದ ತುದಿಯಲ್ಲಿ ತೆಳುವಾದ ಗಾಜಿನ ಬುರುಡೆಯಿರುವುದು. ಅಂಥ ಉಪಕರಣವನ್ನು ಸುಲಭವಾಗಿ ಬಳಸುವಂತೆ ಅಮೆರಿಕದ ಆರ್ನಲ್ಡ್ ಬೆಕ್‌ಮನ್ನನು 1934ರಲ್ಲಿ ರಚಿಸಿದನು. ಕ್ಯಾಲಿಫೋರ್ನಿಯದಲ್ಲಿ ನಿಂಬೆಯ ರಸದ ಹುಳಿಯನ್ನು ಅಳೆಯಬೇಕಾದುದೇ ಅದಕ್ಕೆ ನಿಮಿತ್ತವಾಯಿತು. ಈಗ ಲೇಖನಿಯಷ್ಟೇ ಗಾತ್ರದ ಗಾಜಿನ ತುದಿಯ ಮಾಪಕಗಳು ದೊರೆಯುವುವು. ಅವನ್ನು ಮಣ್ಣಿಗೆ ಚುಚ್ಚುವುದಿಲ್ಲ. ಇಪ್ಪತ್ತು ಗ್ರಾಂ ಒಣಮಣ್ಣಿಗೆ 50 ಮಿಲಿಲೀಟರು ಭಟ್ಟಿಯಿಳಿಸಿದ ನೀರನ್ನು ಬೆರೆಸಿ, ಅರ್ಧ ಗಂಟೆ ಆಗಾಗ ಕಲಕಿ, ಆ ನೀರಿನಲ್ಲಿ ಅದ್ದಿ ನೋಡುವರು. ನೋಡುವ ಮೊದಲು ಪಿಎಚ್ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ಮಾಪಕವನ್ನು ಸರಿಪಡಿಸಿಕೊಳ್ಳಬೇಕು. ಗಾಜಿನ ತುದಿಯನ್ನು ಒಣಗಲು ಬಿಡಬಾರದು. ಇಷ್ಟು ಶ್ರಮ ಬೇಡವೆನ್ನುವವರು ಅದೇ ನೀರನ್ನು ತಿಳಿಯಾಗಲು ಬಿಟ್ಟು ಪಿಎಚ್ ಕಾಗದದಿಂದ ನೋಡಬಹುದು. ಸ್ಥೂಲವಾದ ಅಂದಾಜಿಗೆ ಅದು ಸಾಕು.

ತೋಟ ದೊಡ್ಡದಾಗಿದ್ದರೆ ಅಥವಾ ಬೆಲೆಬಾಳುವ ಗಿಡಗಳಿದ್ದರೆ ಪರೀಕ್ಷಾಲಯವೇ ಮೇಲು. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿಯೂ ಅನೇಕ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ಮಣ್ಣಿನ ಪರೀಕ್ಷೆ ನಡೆಯುವುದು. ರೈತರಿಗಾಗಿ 2015ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಪಿಎಚ್, ಲವಣಾಂಶ, ಸಾವಯವ ಇಂಗಾಲ ಮೊದಲಾದ ಹನ್ನೆರಡು ಅಂಶಗಳನ್ನು ನಮೂದಿಸುವರು. ಮಣ್ಣನ್ನು ಕಳುಹಿಸುವಾಗ ಗೊಬ್ಬರದ ಗುಂಡಿಯ ಬಳಿಯದನ್ನು ಬಿಟ್ಟು, ನಾಲ್ಕಾರು ಕಡೆ ಆರು ಅಂಗುಲ ಆಳದವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಶುಚಿಯಾದ ಚೀಲದಲ್ಲಿ ಕಟ್ಟಬೇಕು. ಆ ಅಂಕಿಗಳು ಕೈಸೇರುವವರೆಗೆ ಸುಣ್ಣವನ್ನಾಗಲಿ ಗಂಧಕವನ್ನಾಗಲಿ ಮುಟ್ಟದಿರುವುದು ಕ್ಷೇಮ. ನೀರು ಹೆಚ್ಚಾದರೆ ನಾಲ್ಕು ದಿನದಲ್ಲಿ ಆರಬಹುದು. ಹಾಕಿದ ಸುಣ್ಣವನ್ನು ಮರಳಿ ತೆಗೆಯಲಾಗದು.

ನಮ್ಮ ಕರಿಬೇವಿನ ಮಣ್ಣನ್ನು ಗಾಜಿನ ಮಾಪಕದಿಂದ ನೋಡಿದಾಗ ಎಂಟನ್ನು ಮೀರಿತ್ತು. ಕೊಳೆತ ಬೇರುಗಳನ್ನು ಕತ್ತರಿಸಿ, ಹಳೆಯ ಮಣ್ಣನ್ನೆಲ್ಲ ಕೊಡವಿ, ಕೆಮ್ಮಣ್ಣು, ಮರಳು, ಎರೆಗೊಬ್ಬರಗಳನ್ನು ಸೇರಿಸಿ ತೂತು ಬಿಡಿಸಿದ ಕುಂಡದಲ್ಲಿ ಮತ್ತೆ ನೆಟ್ಟೆವು. ಮಳೆಯ ನೀರನ್ನು ಹಿಡಿದಿಟ್ಟು ಎರೆಯುತ್ತ ಬಂದೆವು. ಎರಡು ತಿಂಗಳು ಬೋಳು ಕಡ್ಡಿಯಾಗಿ ನಿಂತಿದ್ದ ಗಿಡವು ಶ್ರಾವಣದಲ್ಲಿ ಬುಡದ ಬಳಿ ಒಂದು ಕುಡಿಯನ್ನು ಬಿಟ್ಟಿತು. ಈಗ ದಿನದ ಒಗ್ಗರಣೆಗೆ ಸಾಲದಿದ್ದರೂ ಹಬ್ಬದ ಹುಳಿಗೆ ಒಂದೆರಡು ಎಸಳು ದೊರೆಯುವುದು. ಮಾಪಕವೂ ಮನೆಯಲ್ಲಿಯೇ ಇದೆ. ಮೊದಲು ಬೆರಳಿಟ್ಟು ನೋಡಿ, ಆಮೇಲೆ ಅದನ್ನು ಚುಚ್ಚುತ್ತೇನೆ.