ನಷ್ಟಪರಿಹಾರವು ಸಾಹುಕಾರರ ಔದಾರ್ಯವಲ್ಲ

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಯಂತ್ರದ ಬೆಲ್ಟಿಗೆ ಕೈ ಸಿಕ್ಕು ಬೆರಳು ಕಳೆದುಕೊಂಡ ಹಮಾಲನಾಗಲಿ, ಕುಷ್ಟಗಿಯ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಬಂಡೆಯುರುಳಿ ಕಾಲು ಜಜ್ಜಿಹೋದ ಕೂಲಿಕಾರನಾಗಲಿ, ಕೊಪ್ಪಳದ ಬಳಿಯ ಕಾರ್ಖಾನೆಗೆ ದುಡಿಯಹೋಗಿ ಮೈ ಸುಟ್ಟುಕೊಂಡ ಯಲಬುರ್ಗಾ ಸೀಮೆಯ ತರುಣನಾಗಲಿ, ಬಂಧುಗಳ ಬಾಯಿಂದ ಮೊದಲು ಕೇಳುವ ಮಾತು ಒಂದೇ: ‘ದವಾಖಾನೆಯ ಖರ್ಚು ಸಾಹುಕಾರರೇ ಕೊಟ್ಟಾರಲ್ಲ, ಇನ್ನೇನು ಕೇಳೋದು?’ ಈ ಮಾತಿನಲ್ಲಿ ಕೃತಜ್ಞತೆಯಿರುವಷ್ಟೇ ಅಜ್ಞಾನವೂ ಇದೆ. ಚಿಕಿತ್ಸೆಯ ವೆಚ್ಚ ಬೇರೆ, ದುಡಿಯುವ ಶಕ್ತಿ ಕುಂದಿದುದಕ್ಕೆ ಸಲ್ಲತಕ್ಕ ಪರಿಹಾರ ಬೇರೆ. ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರದಲ್ಲಿ ಮುರಿದುಕೊಳ್ಳುವ ಅಧಿಕಾರ ಮಾಲೀಕನಿಗಿಲ್ಲ.

‘ತಪ್ಪು ನನ್ನದೇ, ಎಚ್ಚರ ತಪ್ಪಿದೆ’ ಎಂಬುದು ಎರಡನೆಯ ಭ್ರಮೆ. ಕೆಲಸದ ಗಾಯಕ್ಕೆ ಪರಿಹಾರ ವಿಧಿಸುವ ಕಾನೂನು, 1923ರ ಕಾಯ್ದೆಯ ಕಾಲದಿಂದಲೂ, ಅಪರಾಧ ಯಾರದೆಂದು ವಿಚಾರಿಸುವುದಿಲ್ಲ. ಗಾಯವು ಕೆಲಸದಿಂದ, ಕೆಲಸದ ಅವಧಿಯಲ್ಲಿ ಉಂಟಾಯಿತೇ ಎಂಬುದನ್ನಷ್ಟೇ ಕೇಳುತ್ತದೆ. ಕುಡಿದ ಅಮಲಿನಿಂದಲೋ, ಸುರಕ್ಷತಾ ನಿಯಮವನ್ನು ಬೇಕೆಂದೇ ಉಲ್ಲಂಘಿಸಿಯೋ ಆದ ಗಾಯಕ್ಕೆ ಮಾಲೀಕನು ವಿನಾಯಿತಿ ಕೇಳಬಹುದು. ಆದರೆ ಮರಣವೋ ಶಾಶ್ವತ ಸಂಪೂರ್ಣ ಅಂಗವೈಕಲ್ಯವೋ ಸಂಭವಿಸಿದಲ್ಲಿ ಆ ವಿನಾಯಿತಿಯೂ ಇಲ್ಲ.

‘ಬೆರಳು ಹೋದರೂ ಮತ್ತೆ ಅದೇ ಗಿರಣಿಯಲ್ಲಿ ಅದೇ ಪಗಾರಕ್ಕೆ ದುಡಿಯುತ್ತಿದ್ದಾನೆ, ನಷ್ಟವೆಲ್ಲಿ ಬಂತು?’ ಎಂಬ ವಾದವು ಕೇಳಲು ಎಷ್ಟು ಸಮಂಜಸವೋ, ಕಾನೂನಿನ ಮುಂದೆ ಅಷ್ಟೇ ನಿಸ್ಸಾರ. ಒಂದು ಕೈಯ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30, ನಾಲ್ಕು ಬೆರಳು ಹೋದರೆ ಶೇ. 50 ನಷ್ಟವೆಂದು ಕಾನೂನಿನ ಅನುಸೂಚಿಯೇ ವಿಧಿಸಿದೆ. ಲೆಕ್ಕವೂ ನಿಗೂಢವಲ್ಲ. 2020ರ ಜನವರಿಯಲ್ಲಿ ಗಣನೆಗೆ ತೆಗೆದುಕೊಳ್ಳುವ ಮಾಸಿಕ ವೇತನದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಅಷ್ಟು ಪಗಾರದ, ಮೂವತ್ತು ವರ್ಷದ ಕಾರ್ಮಿಕನು ನಾಲ್ಕು ಬೆರಳು ಕಳೆದುಕೊಂಡರೆ, ವೇತನದ ಶೇ. 60ನ್ನು ಅವನ ವಯಸ್ಸಿಗೆ ನಿಗದಿಯಾದ 207.98 ಎಂಬ ಅಂಕದಿಂದ ಗುಣಿಸಿ, ಬಂದುದರ ಅರ್ಧವನ್ನು ಕೊಡಬೇಕು. ಅದು 9,35,910 ರೂಪಾಯಿ. ಇದನ್ನರಿಯದವನು ಹಿರಿಯರೆದುರು ಐವತ್ತು ಸಾವಿರಕ್ಕೆ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟೊತ್ತಿದರೆ, ಅವನ ಮುಗ್ಧತೆಗಿಂತ ಒತ್ತಿಸಿಕೊಂಡವರ ಜಾಣತನವೇ ಹೆಚ್ಚು ಖೇದಕರ. ಹಕ್ಕನ್ನು ಬಿಟ್ಟುಕೊಡುವ ಅಂಥ ಕರಾರು ಕಾನೂನಿನಂತೆ ಶೂನ್ಯ. ಮರಣದ ಪರಿಹಾರವನ್ನಂತೂ ವಿಧವೆಯ ಕೈಗೆ ನೇರವಾಗಿ ಕೊಟ್ಟರೆ ಕೊಟ್ಟಂತಾಗದು, ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿಯಿಡಬೇಕು.

‘ನಾನು ಗುತ್ತೇದಾರನ ಆಳು, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ’ ಎಂದು ಹಿಂಜರಿಯುವವರೂ ಬಹಳ. ಕಾರ್ಖಾನೆಯ ವ್ಯವಹಾರಕ್ಕೆ ಸೇರಿದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಮೂಲ ಮಾಲೀಕನ ಹೊಣೆ ತಪ್ಪದು. ಅವನು ಪರಿಹಾರ ತೆತ್ತು ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಲಿ. ದಿನಗೂಲಿಯ ತಾತ್ಕಾಲಿಕ ಆಳುಗಳನ್ನು ಹೊರಗಿಟ್ಟಿದ್ದ ಮಾತನ್ನೂ 1923ರ ಕಾಯ್ದೆಯ 2000ದ ತಿದ್ದುಪಡಿ ಕಿತ್ತುಹಾಕಿತು.

ನೌಕರರ ರಾಜ್ಯ ವಿಮಾ (ಇ.ಎಸ್.ಐ.) ನಿಗಮದ ವಿಮೆಯಿದ್ದವನು ಮಾತ್ರ ಮಾಲೀಕನ ಬದಲು ಆ ನಿಗಮದಿಂದಲೇ ಪರಿಹಾರ ಪಡೆಯಬೇಕು. ಎರಡೂ ಕಡೆ ದೊರೆಯದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು 1923ರ ಹಳೆಯ ಕಾಯ್ದೆಯ ಸ್ಥಾನಕ್ಕೆ ಬಂದು, ಅದರ ತಿರುಳನ್ನು ಒಳಗೊಂಡು, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಕಾಲದೇಶಗಳ ಸಂಬಂಧ ಸ್ಥಾಪಿತವಾದಲ್ಲಿ, ಪರಿಹಾರದ ವ್ಯಾಪ್ತಿಗೆ ತಂದಿದೆ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದ ಮಾಲೀಕನು ಶೇ. 12 ಬಡ್ಡಿಯನ್ನೂ, ಸಕಾರಣವಿಲ್ಲದ ವಿಳಂಬವಾದರೆ ಶೇ. 50ರವರೆಗೆ ದಂಡವನ್ನೂ ತೆರಬೇಕಾದೀತು.

ಆದುದರಿಂದ ಗಾಯಗೊಂಡವರು ಕೂಡಲೇ ಮಾಲೀಕನಿಗೆ ಬರಹದಲ್ಲಿ ತಿಳಿಸಿ, ದವಾಖಾನೆಯ ಕಾಗದಗಳನ್ನೂ ಪಗಾರದ ಚೀಟಿಯನ್ನೂ ಜೋಪಾನವಾಗಿಟ್ಟು, ಯಾವ ರಾಜಿಪತ್ರಕ್ಕೂ ಸಹಿ ಹಾಕುವ ಮುನ್ನ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು.