ಮಲೇರಿಯಾ ಔಷಧಿಗೆ ಸಸ್ಯಸತ್ತ್ವದ ಬೆಂಬಲ

ಮುಂಬಯಿಗೂ ಮಲೇರಿಯಾಕ್ಕೂ ಇರುವ ನಂಟು ಹಳೆಯದು. 1911ರಲ್ಲಿ ಬೆಂಟ್ಲಿ ಎಂಬ ವೈದ್ಯನು ತನ್ನ ವರದಿಯಲ್ಲಿ, ನಗರದ ಬಾವಿಗಳಲ್ಲಿ ಹುಟ್ಟುವ ಸ್ಟೀಫೆನ್ಸೈ ಜಾತಿಯ ಅನಾಫಿಲಿಸ್ ಸೊಳ್ಳೆಯೇ ಈ ರೋಗವನ್ನು ಹರಡುವುದೆಂದು ತೋರಿಸಿದನು. ಬಾವಿಗಳನ್ನು ಮುಚ್ಚಿದರೂ ಸೊಳ್ಳೆ ತೊಲಗಲಿಲ್ಲ. ಮಾಳಿಗೆಯ ಮೇಲಿನ ನೀರಿನ ಟಾಂಕಿಗಳೂ ಹೊಸ ಕಟ್ಟಡಗಳ ಬಳಿ ನಿಂತ ನೀರೂ ಅದಕ್ಕೆ ನೆಲೆಯಾದುವು. ಸೊಳ್ಳೆಗಿಂತಲೂ ಜಟಿಲವಾದ ಸಮಸ್ಯೆ ರೋಗಿಯ ರಕ್ತದೊಳಗಿದೆ. ಔಷಧಿಗೆ ಬಗ್ಗದ ರೋಗಾಣುವೇ ಆ ಸಮಸ್ಯೆ.

ಮಲೇರಿಯಾ ರೋಗಾಣು ಕೆಂಪು ರಕ್ತಕಣವನ್ನು ಹೊಕ್ಕು ಅಲ್ಲಿನ ಹಿಮೊಗ್ಲೋಬಿನನ್ನು ಜೀರ್ಣಿಸಿಕೊಳ್ಳುತ್ತದೆ. ಆಗ ಉಳಿಯುವ ಹೀಮ್ ಎಂಬ ಅಂಶ ಅದಕ್ಕೇ ವಿಷ. ಅದನ್ನು ನಿರಪಾಯಕರವಾದ ಹರಳಾಗಿ ಮಾರ್ಪಡಿಸಿ ರೋಗಾಣು ಬದುಕುತ್ತದೆ. ಕ್ಲೋರೋಕ್ವಿನ್ ಔಷಧಿಯು ಈ ಹರಳುಗಟ್ಟುವಿಕೆಯನ್ನು ತಡೆಯುತ್ತದೆ. ಆದರೆ ಫಾಲ್ಸಿಪಾರಂ ಜಾತಿಯ ರೋಗಾಣುಗಳಲ್ಲಿ ಜೀರ್ಣಕೋಶದ ಪೊರೆಯ ಪ್ರೋಟೀನೊಂದು ಮಾರ್ಪಟ್ಟು, ಔಷಧಿಯನ್ನು ಹೊರಕ್ಕೆ ಸಾಗಿಸುವುದುಂಟು. ಭಾರತದಲ್ಲಿ ಇಂಥ ನಿರೋಧಶಕ್ತಿ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ.

ಸಿಂಕೋನಾ ತೊಗಟೆಯ ಕ್ವಿನೈನ್, ಚೀನದ ಗಿಡವೊಂದರಿಂದ 1972ರಲ್ಲಿ ದೊರೆತ ಆರ್ಟೆಮಿಸಿನಿನ್, ಇವು ರೋಗಾಣುವನ್ನು ತಾವೇ ಕೊಲ್ಲುವ ಸಸ್ಯಸತ್ತ್ವಗಳು. ಇನ್ನು ಕೆಲವು ಸತ್ತ್ವಗಳ ಕಾರ್ಯವೇ ಬೇರೆ. ಮಡಗಾಸ್ಕರಿನ ನಾಟಿವೈದ್ಯರು ನಮ್ಮ ಕಾಸರಕದ ಕುಲಕ್ಕೆ ಸೇರಿದ ಗಿಡವೊಂದರ ಕಷಾಯವನ್ನು ಕ್ಲೋರೋಕ್ವಿನ್ ಜೊತೆಗೆ ಕೊಡುತ್ತಿದ್ದರು. ಅದರಿಂದ ಬೇರ್ಪಡಿಸಿದ ಮಲಗಾಶನಿನ್ ತಾನಾಗಿ ರೋಗಾಣುವನ್ನು ಕೊಲ್ಲಲಾರದು. ಆದರೂ ನಿರೋಧಶಕ್ತಿ ಪಡೆದ ರೋಗಾಣುವಿನ ಮೇಲೆ ಕ್ಲೋರೋಕ್ವಿನ್ನಿನ ಪ್ರಭಾವವನ್ನು ಹೆಚ್ಚಿಸುವುದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿತು.

ಒಂದು ಔಷಧಿಗೆ ಮತ್ತೊಂದರ ಜೊತೆ ಕೊಡುವ ಈ ವಿಚಾರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಮತ್ತು ಪಿ. ರಂಗರಾಜನ್ ಅವರ ತಂಡ ಅರಿಸಿನದ ಮೂಲಕ ಪರೀಕ್ಷಿಸಿತು. ಆರ್ಟೆಮಿಸಿನಿನ್ ವರ್ಗದ ಔಷಧಿಗಳು ಶೀಘ್ರವಾಗಿ ಕೆಲಸಮಾಡಿ ಶೀಘ್ರವಾಗಿಯೇ ದೇಹದಿಂದ ಇಳಿದುಹೋಗುತ್ತವೆ. ಅಳಿದುಳಿದ ರೋಗಾಣುಗಳು ಮತ್ತೆ ತಲೆಯೆತ್ತುತ್ತವೆ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೋಂಕು ತಗುಲಿದ ಇಲಿಗಳಿಗೆ ಆರ್ಟೀಥರಿನ ಒಂದು ಚುಚ್ಚುಮದ್ದನ್ನೂ ಅನಂತರ ಅರಿಸಿನದ ಕರ್ಕ್ಯುಮಿನ್ ಸತ್ತ್ವವನ್ನು ಮೂರು ಬಾರಿ ಬಾಯಿಯ ಮೂಲಕವೂ ಕೊಟ್ಟಾಗ, ರೋಗ ಮರುಕಳಿಸಲಿಲ್ಲ. ಬಹುಮಟ್ಟಿಗೆ ಎಲ್ಲ ಇಲಿಗಳೂ ಉಳಿದುವು.

ಇಲಿಯಲ್ಲಿ ಸಿದ್ಧಿಸಿದ್ದು ಮನುಷ್ಯನಲ್ಲಿ ಸಿದ್ಧಿಸಿತೆಂದು ತಿಳಿಯಬಾರದು. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಡುಗೆಯ ಅರಿಸಿನ ಮಲೇರಿಯಾಕ್ಕೆ ಮದ್ದಲ್ಲ. ಜ್ವರ ಬಂದಾಗ ಅರಿಸಿನದ ಹಾಲು ಕುಡಿದು ದಿನ ಕಳೆಯುವುದು ಪ್ರಾಣಕ್ಕೆ ಅಪಾಯಕರ. ಮುಂಬಯಿಯ ಪಾಲಿಕೆಯ ದವಾಖಾನೆಗಳಲ್ಲಿ ರಕ್ತಪರೀಕ್ಷೆ ಉಚಿತವಾಗಿ ನಡೆಯುತ್ತದೆ. ವೈವಾಕ್ಸ್ ಜಾತಿಗೆ ಇಂದಿಗೂ ಕ್ಲೋರೋಕ್ವಿನ್ನನ್ನೂ ಫಾಲ್ಸಿಪಾರಂಗೆ ಆರ್ಟೆಮಿಸಿನಿನ್ ಕೂಡಿದ ಸಂಯುಕ್ತ ಔಷಧಿಯನ್ನೂ ಕೊಡುತ್ತಾರೆ. ಜ್ವರ ಇಳಿಯಿತೆಂದು ಮಾತ್ರೆಯನ್ನು ನಡುವೆ ಬಿಡದೆ ಪೂರ್ತಿ ಮುಗಿಸಬೇಕು. ಹೊಸ ಸಸ್ಯಸತ್ತ್ವ ಕೈಗೆ ಬರುವವರೆಗೆ ಇರುವ ಔಷಧಿಯ ಬಲವನ್ನು ಕಾಪಾಡಿಕೊಳ್ಳುವ ಭಾರ ವೈದ್ಯನಷ್ಟೇ ರೋಗಿಯ ಮೇಲೂ ಇದೆ.